ಆವಿಗೆಯ ಮೊದಲ ಇಟ್ಟಿಗೆ

ನವೆಂಬರ್ ೧೮, ಮಂಗಳವಾರ

ಇವತ್ತು ನಾನು ವಕೀಲರ ಎದುರು ಬಾಯಿಬಿಟ್ಟೆ! ಬಾಯಿಮಾತಿನಲ್ಲೇ ನಮಗೆ ಜಾಗ ಬಿಟ್ಟುಕೊಟ್ಟಿದ್ದ ವಜುಕಾಕಾ ತೀರಿಕೊಂಡರು. ಈಗ ಅವರ ಮಗ, ಖಾಲಿ ಮಾಡಿ ಎಂದು ನೋಟಿಸು ಕಳಿಸಿದ್ದಾನೆ.

"ಅಲ್ಲಿ ಏನಾದ್ರೂ ಕಟ್ಟಿದೀರಾ ಕಾಕಾ?" ಎಂದು ವಕೀಲೆ ಹಂಸಾಬೇನ್ ಅಪ್ಪನನ್ನು ಕೇಳಿದರು.

ಕಟ್ಟಿದ್ದೇ ತಪ್ಪೆಂದು ಹೆದರಿದ ಅಪ್ಪ, "ಒಂದು ಕಲ್ಲೂ ಇಟ್ಟಿಲ್ಲ ಬೇನ್" ಎಂದುಬಿಟ್ಟ.

"ಸುಳ್ಳು! ಮಡಕೆ ಸುಡೋ ಆವಿಗೆ ಕಟ್ಟಿದೀವಿ. ಖರ್ಚೆಲ್ಲಾ ನಮ್ದೇ. ಮೊದಲ ಇಟ್ಟಿಗೆ ಇಟ್ಟಿದ್ದು ವಜುಕಾಕಾನೇ" ಎಂದೆ.

ಹಂಸಾಬೇನ್ ಜೋರಾಗಿ ನಕ್ಕರು. "ಇದನ್ನ ಮುಚ್ಚಿಡ್ತಿದ್ರಾ? ಬರೀ ಅನುಮತಿಯಾಗಿದ್ರೆ ವಾಪಸ್ ತಗೋಬಹುದಿತ್ತು. ಅದನ್ನ ನಂಬಿ ಸ್ವಂತ ಖರ್ಚಲ್ಲಿ ಗಟ್ಟಿಯಾಗಿ ಕಟ್ಟಿದ್ಮೇಲೆ ಹಾಗೆಲ್ಲ ಎಬ್ಬಿಸೋಕಾಗಲ್ಲ. ಇದರ ಮೇಲೇ ವಾದ ಮಾಡ್ತೀನಿ."

"ಇಷ್ಟು ದೊಡ್ಡ ಬಾಯಿ ಎಲ್ಲಿ ಬಚ್ಚಿಟ್ಟಿದ್ದೆ ಜೀವಿ?" ಎಂದು ಅಪ್ಪ ದಾರಿಯುದ್ದಕ್ಕೂ ಕೇಳಿದ. ಹೊರಗೆ ಅವನು ಎಮ್ಮೆಯ ಬೆನ್ನು ತಟ್ಟುವಂತೆ ಆವಿಗೆಯ ಗೋಡೆ ತಟ್ಟುತ್ತಿದ್ದಾನೆ. ನಾನೂ ಹೋಗಿ ಒಮ್ಮೆ ತಟ್ಟಿ ಬರುತ್ತೇನೆ.