ಬೇಲಿ ಬಿಗಿಯುವ ಇಕ್ಕಳ

ಶಿರಾಲಿ
೧೮ ಫೆಬ್ರವರಿ ೨೦೨೫

ದಿವ್ಯಶ್ರೀಯ ಅಪ್ಪನಿಗೆ,

ನಿಮ್ಮ ವೀಣಾ ಮಾಡುವ ನಮಸ್ಕಾರ. ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ಇಲ್ಲಾ ಬೋಟಿನವರಿಗೆಲ್ಲ ಬಡಿಸಿ ನೀವು ತಳದ ಸಾರಿಗೆ ಅನ್ನ ಕಲಸಿಕೊಳ್ಳುತ್ತೀರಾ? ಅಡುಗೆ ಮಾಡುವವರ ಹೊಟ್ಟೆಯನ್ನು ಕೇಳುವವರೇ ಇರುವುದಿಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ. ಪ್ರದೀಪ ನೀವಿರುವ ಮಲ್ಪೆ ಬಂದರಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ಫೋನು ಇರುವಾಗ ಪತ್ರ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನೀವು ಎಲ್ಲದಕ್ಕೂ "ಆತು, ಆತು" ಎಂದು ಇಟ್ಟುಬಿಡುತ್ತೀರಿ. ಪತ್ರವನ್ನಾದರೆ ಕೊನೆಯವರೆಗೆ ಓದಲೇಬೇಕು.

ದಿವ್ಯಶ್ರೀ ಚೆನ್ನಾಗಿದ್ದಾಳೆ. ಅತ್ತೆಯೂ ಈಗ ಆರಾಮ. "ಈಗ" ಎಂದೆನಲ್ಲ, ಅದಕ್ಕೊಂದು ಕಥೆ ಇದೆ. ಗಾಬರಿಯಾಗಬೇಡಿ, ಅವರು ಇಲ್ಲೇ ಜಗಲಿಯಲ್ಲಿ ಕೂತು ಮೊಮ್ಮಗಳ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದಾರೆ. ನಿಮಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಇವತ್ತು ಅವರೇ "ಬರಿ" ಎಂದಿದ್ದಾರೆ. ಯಾಕೆಂದು ಆಮೇಲೆ ತಿಳಿಯುತ್ತದೆ.

ಹೊಳನಗದ್ದೆಯ ಮಾವನ ಮಗಳು ವಿನುತಾಳ ಮದುವೆ ಗೊತ್ತಾದಂದಿನಿಂದ ಅತ್ತೆಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಣ್ಣನ ಮಗಳ ಮದುವೆ, ಮದುವೆ ಹಾಡಿನ ಪದ ಎತ್ತಿಕೊಡುವವರು ಅವರೇ. ಅವರು ಒಂದು ಸಾಲು ಎತ್ತಬೇಕು, ಪಕ್ಕದ ಮನೆ ನೀಲಕ್ಕನ ಗುಂಪು ಅದನ್ನೇ ಹಿಡಿದು ಹೇಳಬೇಕು. ಅರಿಶಿನ ಹಚ್ಚುವುದಕ್ಕೊಂದು, ನೀರು ಹಾಕುವುದಕ್ಕೊಂದು, ಹೆಣ್ಣು ಒಪ್ಪಿಸುವುದಕ್ಕೊಂದು ಪದ. ದಿನಾ ಸಂಜೆ ಇಬ್ಬರೂ ಕೂತು ಒಂದೊಂದನ್ನೇ ನೆನಪು ಮಾಡಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಅತ್ತೆಗೆ ಎಡ ದವಡೆಯ ಹಲ್ಲು ನೋಯಲು ಶುರುವಾಗಿದೆ. ಎಮ್ಮೆ ಒಮ್ಮೆ ಕೆಮ್ಮಿದರೆ ಡಾಕ್ಟರಿಗೆ ಫೋನು ಮಾಡಿಸುವ ನಿಮ್ಮ ಅಮ್ಮ, ತಮ್ಮ ಹಲ್ಲಿಗೆ ಮಾತ್ರ ತಾವೇ ಡಾಕ್ಟರಾದರು. ಆಸ್ಪತ್ರೆಗೆ ಹೋದರೆ ಸೂಜಿ ಚುಚ್ಚುತ್ತಾರೆ, ನಾಲಿಗೆ ಮರಗಟ್ಟುತ್ತದೆ, ಆಮೇಲೆ ಮದುವೆಯಲ್ಲಿ ಪದ ಬರುವುದಿಲ್ಲ ಎಂದು ಅವರ ಭಯ.

ನಾನು ಹುಲ್ಲು ಕೊಯ್ಯಲು ಹೋದ ಹೊತ್ತು ನೋಡಿ, ಬೇಲಿಗೆ ತಂತಿ ಬಿಗಿಯುವ ಸಣ್ಣ ಇಕ್ಕಳವನ್ನು ಕೊಟ್ಟಿಗೆಯಿಂದ ತಂದು, ಬಿಸಿನೀರಿನಲ್ಲಿ ತೊಳೆದು (ಅಷ್ಟು ಜಾಗ್ರತೆ ಮಾಡಿದರಂತೆ!), ಕನ್ನಡಿ ಎದುರು ಕೂತು ಎಳೆದಿದ್ದಾರೆ. ಹಲ್ಲು ಅರ್ಧಕ್ಕೆ ಮುರಿದು ಬಂತು, ಬೇರು ಒಳಗೇ ಉಳಿಯಿತು. ರಕ್ತ ನಿಲ್ಲಲಿ ಎಂದು ಎಲೆಸಂಚಿಯ ಸುಣ್ಣಕ್ಕೆ ತಂಬಾಕು ಸೇರಿಸಿ ಆ ಹಸಿಗಾಯಕ್ಕೆ ಒತ್ತಿದ್ದಾರೆ. ಬರೆಯುವಾಗ ನನ್ನ ಹಲ್ಲೇ ಜುಂ ಎನ್ನುತ್ತಿದೆ.

ಆಮೇಲೆ ಸೆರಗು ಕೆನ್ನೆಯಿಂದ ಇಳಿಯಲೇ ಇಲ್ಲ. ಕೇಳಿದರೆ "ಎಂತ ಆಗ್ಲಿಲ್ಲ, ಥಂಡಿ ಗಾಳಿ" ಎನ್ನುತ್ತಿದ್ದರು. ಎಲ್ಲಿ ಕೂತರೂ ಬಲಗೆನ್ನೆಯನ್ನೇ ನನ್ನ ಕಡೆಗೆ ಮಾಡಿ ಕೂರುತ್ತಿದ್ದರು. ತಲೆನೋವು ಎಂದು ನೀಲಕ್ಕನನ್ನು ವಾಪಸು ಕಳಿಸಿದರು. ನನಗೆ ನಿಜವಾಗಿ ಜೀವ ಹಾರಿದ್ದು ಎಲೆ ಅಡಿಕೆ ಮಡಚಿ ಕವಳ ಕೊಟ್ಟಾಗ "ಬೇಡ" ಎಂದರಲ್ಲ, ಆಗ. ಊಟ ಬಿಟ್ಟರೂ ಕವಳ ಬಿಡುವವರಲ್ಲ. ಹಿಡಿದು ಕೂರಿಸಿ ಬಾಯಿ ತೆರೆಸಲು ನೋಡಿದರೆ ನನ್ನ ಕಿರುಬೆರಳು ಹೋಗುವಷ್ಟೂ ತೆರೆಯಲಿಲ್ಲ. ಗದ್ದದ ಕೆಳಗೆ ಕಲ್ಲಿನ ಹಾಗೆ ಗಟ್ಟಿ, ಮೈ ಸುಡುತ್ತಿತ್ತು, ಉಗುಳು ನುಂಗಲೂ ಆಗುತ್ತಿರಲಿಲ್ಲ.

ಅರುಣನ ರಿಕ್ಷಾದಲ್ಲಿ ಭಟ್ಕಳಕ್ಕೆ ಓಡಿದೆವು. ಅಲ್ಲಿ ನೋಡಿದವರೇ ಆಂಬುಲೆನ್ಸ್ ಹತ್ತಿಸಿ ಕುಮಟಾಕ್ಕೆ ಕಳಿಸಿದರು. ದಾರಿಯಲ್ಲಿ ನಮ್ಮ ಶಿರಾಲಿ ಬಂದಾಗ ಅತ್ತೆ ಮನೆಯ ಕಡೆ ಕೈ ಮಾಡಿದರು, ಇಳಿಸು ಎನ್ನುವ ಹಾಗೆ. ಹೊನ್ನಾವರದ ಸೇತುವೆ ದಾಟುವಾಗ ಉಸಿರು ಕರಕರ ಎನ್ನುತ್ತಿತ್ತು. ನಿಮ್ಮ ಬೋಟು ಆಗ ನೆಟ್‌ವರ್ಕ್ ಇಲ್ಲದ ಕಡೆ ಇತ್ತು. ನಿಮಗೆ ಎಂಥ ಮುಖ ತೋರಿಸಲಿ ಎಂದು ನಾನು ಜೋರಾಗಿ ಅತ್ತುಬಿಟ್ಟೆ. ಉಳಿದ ಬೇರು ಕೊಳೆತು ಕೀವು ಕುತ್ತಿಗೆಗೆ ಇಳಿದಿದೆ, ಇನ್ನೊಂದು ರಾತ್ರಿ ಕಳೆದಿದ್ದರೆ ಉಸಿರೇ ಕಟ್ಟುತ್ತಿತ್ತು ಎಂದರು ಡಾಕ್ಟರು. ಗದ್ದದ ಕೆಳಗೆ ಕೊಯ್ದು ಕೀವು ತೆಗೆದು, ಬೇರನ್ನೂ ಕಿತ್ತರು. ಮೊದಲೇ ಬಂದಿದ್ದರೆ ಒಂದು ಸೂಜಿಯಲ್ಲಿ ಮುಗಿಯುವ ಕೆಲಸ, ಮರಗಟ್ಟಿದ ನಾಲಿಗೆ ಊಟದ ಹೊತ್ತಿಗೆ ಸರಿಯಾಗುತ್ತದೆ ಎಂದಾಗ ಅತ್ತೆ ಗೋಡೆ ಕಡೆ ಮುಖ ತಿರುಗಿಸಿದರು.

ಮದುವೆಗೆ ಹೋದೆವು, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ. ಪದ ಎತ್ತಿದ್ದು ನೀಲಕ್ಕ. ಹೆಣ್ಣು ಒಪ್ಪಿಸುವಾಗ ಅವಳಿಗೆ ನಡುವೆ ಸಾಲು ಮರೆತುಹೋಯಿತು. ಅತ್ತೆ ಅವಳ ಕೈ ಹಿಡಿದು ತುಟಿ ಮಾತ್ರ ಅಲ್ಲಾಡಿಸಿದರು. ಅದನ್ನು ನೋಡಿಕೊಂಡು ನೀಲಕ್ಕ ಮುಂದೆ ಹೇಳಿದಳು. ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೆಣ್ಣು ಕಳಿಸುವ ದುಃಖ ಎಂದು ಜನ ತಿಳಿದರು. ನಾನು ಹತ್ತಿರ ಹೋಗಿ ಸೆರಗಿನಿಂದ ಅವರ ಕೆನ್ನೆ ಒರೆಸಿದೆ.

ಈಗ ಬಾಯಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ತೆರೆಯುತ್ತಿದೆ. ಚೀಲದಲ್ಲಿ ಉಪ್ಪಿನಕಾಯಿ, ನಿಮ್ಮ ಕೆಂಪು ಶಾಲು, ದಿವ್ಯಶ್ರೀ ಬರೆದ ಬೋಟಿನ ಚಿತ್ರ ಇಟ್ಟಿದ್ದೇನೆ. ಅತ್ತೆಯ ಆಶೀರ್ವಾದ, ಮಗಳ ಮುತ್ತು, ಉಳಿದದ್ದು ನನ್ನದು.

ನಿಮ್ಮ ದಾರಿ ನೋಡುವ
ವೀಣಾ

ತಾ.ಕ.: ಪ್ರದೀಪ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ನೀವು ಕಳಿಸಲು ಹೇಳಿದ್ದ ಸಣ್ಣ ಇಕ್ಕಳ ಚೀಲದಲ್ಲಿ ಇಲ್ಲ, ಹುಡುಕಬೇಡಿ. ಇಂಜಿನ್ ಕೆಲಸಕ್ಕೆ ಎಂದಿರಿ. ಬೋಟಿನ ಇಕ್ಕಳ ದೊಡ್ಡದು, ಬಾಯೊಳಗೆ ಹೋಗುವುದಿಲ್ಲ, ಅಲ್ಲವೇ? ಮೊನ್ನೆ ವಿಡಿಯೋ ಕಾಲಿನಲ್ಲಿ ಉದ್ದಕ್ಕೂ ಒಂದೇ ಕೆನ್ನೆ ತೋರಿಸಿದಿರಿ. ಕುತ್ತಿಗೆಯ ಪಟ್ಟಿ ನಿಮಗೆ ಕಾಣದ ಹಾಗೆ ಪಕ್ಕಕ್ಕೆ ಸರಿದು ಕೂತಿದ್ದ ಅತ್ತೆ ನನಗಿಂತ ಮೊದಲು ಕಂಡುಹಿಡಿದರು. ನಿಮ್ಮ ಬದಲಿಗೆ ಪ್ರದೀಪ ಬೋಟು ಹತ್ತುತ್ತಾನೆ, ನೀವು ಇವತ್ತೇ ಬಸ್ಸು ಹತ್ತಿ. ಗುರುವಾರ ಕುಮಟಾದ ಆಸ್ಪತ್ರೆಯಲ್ಲಿ ಅತ್ತೆಯ ಜೊತೆ ನಿಮ್ಮ ಹೆಸರನ್ನೂ ಹೇಳಿಟ್ಟಿದ್ದೇನೆ. ಇಕ್ಕಳವನ್ನು ಅತ್ತೆ ಬಾವಿಗೆ ಹಾಕಿ ಬಂದರು. ಬಂದು, ಅರ್ಧ ತೆರೆದ ಬಾಯಲ್ಲೇ ಇಷ್ಟು ಬರೆಸಿದರು: "ಬಾ ಮಗನೆ. ನಿಂಗೆ ಸೂಜಿ ಹಾಕುವಾಗ ಕೈ ಹಿಡ್ಕಂಡು ನಾ ಪದ ಹೇಳ್ತೆ."