ಆರನೇ ಮ್ಯಾನೇಜರ್

ಚಿಕ್ಕಮ್ಮನಿಗೆ ನಮಸ್ಕಾರ.

ವೆಬ್‌ಸೈಟ್ ಮಾಡಿಕೊಡುವ ಈ ಕಂಪನಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಸೇರಿ ನಾಲ್ಕು ದಿನವಾಯಿತು. ಮೊದಲ ವಾರ ಕೆಲಸ ಕಲಿಸುತ್ತೇವೆ ಎಂದಿದ್ದರು. ಹನ್ನೊಂದು ಪಾಸ್‌ವರ್ಡ್ ಕೊಟ್ಟರು. ನನ್ನ ಪ್ರಾಜೆಕ್ಟ್ ಏನೆಂದು ಕೇಳಿದರೆ ಮಾತ್ರ ಎಲ್ಲರೂ ಪಕ್ಕದವರನ್ನು ತೋರಿಸಿದರು. ಕೊನೆಗೆ ಗಿರಾಕಿಗೇ ಫೋನ್ ಮಾಡಿದೆ. ಚಪ್ಪಲಿ ಅಂಗಡಿಯ ಮುದುಕರು.

“ನೀವು ಆರನೇ ಮ್ಯಾನೇಜರಮ್ಮ. ಪೆನ್ನು ತಗೊಳ್ಳಿ, ಮೊದಲಿಂದ ಹೇಳ್ತೀನಿ,” ಎಂದು ಒಂದು ಗಂಟೆ ಪಾಠ ಮಾಡಿದರು. ನಮ್ಮ ಡಿಸೈನರ್ ಮುಂಗೋಪಿ, ಊಟವಾದ ಮೇಲೇ ಮಾತಾಡಿಸಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟರು. ಅವರಿಗೆ ಬೇಕಿದ್ದದ್ದು ಅಂಗಡಿಯ ವೇಳೆ, ವಿಳಾಸ, ಫೋನ್ ನಂಬರ್ ಇರುವ ಒಂದೇ ಒಂದು ಪುಟ. ಎಂಟು ತಿಂಗಳಿಂದ ಕಾಯುತ್ತಿದ್ದಾರೆ.

ಊಟವಾದ ಮೇಲೆ ಡಿಸೈನರ್ ಪಕ್ಕ ಕೂತೆ. ಸಂಜೆಗೆ ಪುಟ ಸಿದ್ಧವಾಯಿತು. “ಮೊದಲ ವಾರವೇ ಯಾರೂ ಕೆಲಸ ಮುಗಿಸಲ್ಲ,” ಎಂದು ಬಾಸ್ ಮುಖ ಸಿಂಡರಿಸಿದರು. ಮುದುಕರಿಗೆ ಫೋನ್ ಮಾಡಿ ತಿಳಿಸಿದೆ. “ಹಾಗಾದ್ರೆ ಇನ್ಮೇಲೆ ಯಾರೂ ಫೋನ್ ಮಾಡಲ್ವಾ?” ಎಂದರು.

“ಏನಾದ್ರೂ ತಪ್ಪು ಹುಡುಕಿಡಿ, ನಾಳೆ ಫೋನ್ ಮಾಡ್ತೀನಿ,” ಎಂದೆ.

ಎ.ಸಿ.ಗೆ ಮೂಗು ಕಟ್ಟಿದೆ, ಮತ್ತೆಲ್ಲ ಆರಾಮ. ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ಪುಟ್ಟಿ