ಬದುಕಿದ್ದವಳಿಗೆ ಇಟ್ಟ ಎಡೆ

ಗುತ್ತಲ
೧೫ ಸೆಪ್ಟೆಂಬರ್ ೨೦೨೫, ಸೋಮವಾರ

ಪ್ರೀತಿಯ ಮೈಲಾರಿ,

ಆರೋಗ್ಯವಾಗಿದ್ದೀಯಾ? ನಿರ್ಮಲಾ ಹೇಗಿದ್ದಾಳೆ? ನೀನು ಹುಟ್ಟಿದ ಆಸ್ಟ್ರಿಯಾದಲ್ಲಿ ಈಗಲೇ ಚಳಿ ಶುರುವಾಗಿರಬೇಕು. ಅವಳಿಗೆ ಚಳಿ ಆಗಿಬರುವುದಿಲ್ಲ, ಒಂದು ದಪ್ಪ ಸ್ವೆಟರ್ ಕೊಡಿಸು. ನಿನ್ನ ಅಪ್ಪನ ಮೊಣಕಾಲು ನೋವು ಹಾಗೆಯೇ ಇದೆ. ಹೊಲಕ್ಕೆ ಹೋಗಬೇಡಿ ಎಂದು ರಾಣೆಬೆನ್ನೂರಿನ ಡಾಕ್ಟರು ಹೇಳಿದರೆ, ಇವರು ಬಸ್ಸಿಳಿದು ನೇರ ಹೊಲಕ್ಕೇ ಹೋದರು. ಬೀಜದ ಪ್ಲಾಟಿನಲ್ಲಿ ಟೊಮೆಟೊ ಹೂ ಚೆನ್ನಾಗಿ ಹಿಡಿದಿದೆ. ನಿನ್ನ ಜಾಗಕ್ಕೆ ಬಂದ ಕಂಪನಿಯ ಹೊಸ ಸಾಹೇಬರು ಮಾತ್ರ ಜೀಪಿನಿಂದ ಕೆಳಗಿಳಿಯುವುದೇ ಇಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೇನೋ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಅದು ಇಳಿಯಬಾರದು. ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದವಳು ನಾನು, ನಿನಗೂ ಕನ್ನಡ ಅಕ್ಷರ ಕಲಿಸಿದ್ದು ನಾನೇ. ಆದ್ದರಿಂದ ಕೂತು ಪೂರ್ತಿ ಓದು.

ಹೋದ ವಾರ ಬ್ರೆಜಿಲ್ ದೇಶದಿಂದ ಒಂದು ದಪ್ಪ ಲಕೋಟೆ ಬಂತು. ಬರೆದವಳು ನಿನ್ನ ಸೋದರತ್ತೆಯ ಮಗಳು. (ನಮ್ಮಲ್ಲಾಗಿದ್ದರೆ ಅವಳನ್ನೇ ನಿನಗೆ ತಂದುಕೊಳ್ಳಬಹುದಿತ್ತು, ನಿರ್ಮಲಾಳಿಗೆ ಹೇಳಬೇಡ.) ಪಕ್ಕದ ಮನೆಯ ಕಾವ್ಯಾ ಇಂಗ್ಲಿಷ್ ಓದಿ ಅರ್ಥ ಹೇಳಿದಳು. ನಿಮ್ಮ ಮನೆತನದ ಪುಸ್ತಕ ಅಚ್ಚು ಹಾಕಿಸುತ್ತಿದ್ದಾರಂತೆ, ನಿನಗೆ ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ ತಿಳಿಸಿ ಎಂದು ಕೇಳಿದ್ದಾಳೆ. ಅಲ್ಲಿಯ ಆಸ್ತಿ ವ್ಯವಹಾರ ನೋಡುವ ವಕೀಲರ ಹತ್ತಿರ ನಮ್ಮ ಮನೆಯ ವಿಳಾಸ ಸಿಕ್ಕಿತಂತೆ. ಜೊತೆಗೆ ವಂಶಾವಳಿಯನ್ನೂ ಇಟ್ಟಿದ್ದಾಳೆ. ನಾನೂರು ವರ್ಷದ ಹೆಸರುಗಳು, ಬ್ರೆಜಿಲ್, ಕೆನಡಾ, ಹಂಗೇರಿ ಎಂದು ಎಲ್ಲೆಲ್ಲೋ ಹರಡಿಕೊಂಡ ನೆಂಟರು. ಅವರೆಲ್ಲ ಹೆಣ್ಣುಮಕ್ಕಳ ಕಡೆಯವರು, ಮನೆತನದ ಹೆಸರು ಹೇಳಲು ಉಳಿದವನು ನೀನೊಬ್ಬನೇ. ನೀನು ದೊಡ್ಡ ಮನೆತನದವನು ಎಂಬುದು ನಮಗೆ ಗೊತ್ತೇ ಇತ್ತು. ‘ಈಗ ಅಲ್ಲೆ ಹೆಸರಿನ ಮುಂದ ದೊಡ್ಡಸ್ತಿಕಿ ಬಿರುದು ಹಚ್ಕೊಂಡ್ರ ದಂಡ ಹಾಕ್ತಾರ’ ಎಂದು ಹೇಳಿ ನೀನೇ ನಮ್ಮನ್ನು ನಗಿಸಿದ್ದೆ. ನಿನ್ನ ದೊಡ್ಡಪ್ಪ ತೀರಿದ ಮೇಲೆ ಅಲ್ಲಿಯ ಕಲ್ಲಿನ ಮನೆ ನಿನಗೆ ಬಂತು, ಸಹಿ ಮಾಡಿ ತಿಂಗಳೊಳಗೆ ಬರುತ್ತೇನೆ ಎಂದು ಮೇ ತಿಂಗಳಲ್ಲಿ ನಿರ್ಮಲಾಳನ್ನು ಕರೆದುಕೊಂಡು ಹೋದೆ. ಅದಕ್ಕೂ ನಾನು ಏನೂ ಅನ್ನಲಿಲ್ಲ. ಆದರೆ ಆ ಕಾಗದದಲ್ಲಿ ನಿನ್ನ ತಾಯಿಯ ಹೆಸರಿನ ಮುಂದೆ ಹುಟ್ಟಿದ ವರ್ಷವಿತ್ತು, ಸತ್ತ ವರ್ಷ ಇರಲಿಲ್ಲ. ಸರಿಯಾಗಿ ನೋಡು ಎಂದು ಕಾವ್ಯಾಳಿಗೆ ಹೇಳಿದೆ. ‘ಇಲ್ರಿ ಟೀಚರ್, ಆಕಿ ಅದಾಳ. ವೃದ್ಧಾಶ್ರಮದಾಗ ಅದಾಳ. ಮಗನ ಫೋಟೋ ಏನರ ಬಂತೇನು ಅಂತ ತಿಂಗಳಾ ಕೇಳ್ತಾಳಂತ’ ಎಂದಳು.

ಗಳಗನಾಥದ ಗುಡಿಯಲ್ಲಿ ನಿನ್ನನ್ನು ದತ್ತು ತೆಗೆದುಕೊಂಡ ದಿನ ನಿನಗೆ ನೆನಪಿದೆಯೇ? ನಿರ್ಮಲಾಳ ಅಪ್ಪ ಚಂದ್ರಪ್ಪನವರು ‘ಹುಡುಗ ಚಲೋನ ಅದಾನ, ಆದ್ರ ಯಾರ ಮನಿ ಸೊಸಿ ಅಂತ ಮಗಳನ್ನ ಕಳಸಲಿ?’ ಎಂದು ಪಟ್ಟು ಹಿಡಿದಿದ್ದರು. ನಮಗೆ ಮಕ್ಕಳಿರಲಿಲ್ಲ. ಎರಡು ವರ್ಷ ನಮ್ಮ ಹೊಲದಲ್ಲಿ ಬೀಜದ ಬೆಳೆ ನೋಡಲು ಬಂದು, ನನ್ನ ಕೈಯ ರೊಟ್ಟಿ ತಿಂದು, ಬಿಸಿಲಿಗೆ ಕೆಂಪಾಗಿ ಕೂರುತ್ತಿದ್ದ ನಿನ್ನನ್ನು ಬಿಟ್ಟುಕೊಡಲು ನನಗೂ ಮನಸ್ಸಿರಲಿಲ್ಲ. ಆರಡಿ ಆಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೈಲಾರಲಿಂಗ ಎಂದು ಹೆಸರಿಟ್ಟೆವು. ಅದಕ್ಕೂ ಮೊದಲು ಊರಿನ ಹಿರಿಯರು ‘ಹಡದಾಕಿ ಅದಾಳೇನಪಾ? ಇದ್ರ ಆಕೀನ ತನ್ನ ಕೈಯಾರ ಕೊಡಬೇಕು’ ಎಂದು ಕೇಳಿದರು. ನೀನು ತಲೆ ತಗ್ಗಿಸಿ ‘ಇಲ್ರಿ, ತೀರ್ಕೊಂಡಾಳ’ ಎಂದೆ. ಕೊಡುವವರು ಯಾರೂ ಇಲ್ಲವೆಂದು ಅವರು ಬೊಗಸೆಯಲ್ಲಿ ಹೊಳೆಯ ನೀರು ತಂದು ನನ್ನ ಕೈಗೆ ಸುರಿದರು. ಹೊಳೆತಾಯಿಯೇ ಕೊಟ್ಟಳು ಎಂದು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಈಗ ನೋಡಿದರೆ, ಬದುಕಿರುವ ಹೆಂಗಸಿನ ಮಗನನ್ನು ಅವಳಿಗೆ ಗೊತ್ತಿಲ್ಲದಂತೆ ತೆಗೆದುಕೊಂಡವಳು ನಾನು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಒಂಬತ್ತು ವರ್ಷ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ, ನಮ್ಮ ಅತ್ತೆ ಮಾವನ ಪಕ್ಕದಲ್ಲಿ ಅವಳಿಗೂ ಒಂದು ಎಡೆ ಇಟ್ಟೆನಲ್ಲ ಮೈಲಾರಿ! ಹೋಳಿಗೆ, ಕಡುಬು, ಹೊಸ ಸೀರೆ, ಹಸಿರು ಬಳೆ. ‘ನಿನ್ನ ಮಗನ್ನ ನಾ ನೋಡ್ಕೋತೀನಿ, ನೀ ಕಾಳಜಿ ಮಾಡಬ್ಯಾಡ’ ಎಂದು ಹೇಳಿ ಊದಿನಕಡ್ಡಿ ಬೆಳಗುತ್ತಿದ್ದೆ. ಉಸಿರಾಡುತ್ತಿರುವ ಹೆಂಗಸನ್ನು ನನ್ನ ಕೈಯಿಂದ ಒಂಬತ್ತು ಸಲ ಸತ್ತವರ ಸಾಲಿನಲ್ಲಿ ಕೂಡಿಸಿದೆ. ನೀನು ಪಕ್ಕದಲ್ಲೇ ಕೈ ಮುಗಿದು ನಿಂತಿರುತ್ತಿದ್ದೆ. ಒಂದು ವರ್ಷ ಮಾಳಿಗೆಯ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಅವಳಿಗೆ ನನ್ನ ಮೇಲೆ ಏನೋ ಮುನಿಸು ಎಂದು ಮಧ್ಯಾಹ್ನ ಮೂರರವರೆಗೆ ಉಪವಾಸ ಕೂತಿದ್ದೆ. ಆಗಲೂ ನೀನು ‘ಉಣ್ಣು ನಡಿ ಅವ್ವಾ’ ಎಂದೆಯೇ ಹೊರತು ನಿಜ ಹೇಳಲಿಲ್ಲ. ಮೂರು ವರ್ಷದಿಂದ ನಿರ್ಮಲಾಳಿಗೆ ಸರಿಯಾಗಿ ಅದೇ ದಿನ ತಲೆನೋವು ಬರುತ್ತಿತ್ತು, ನಿಮ್ಮ ರಾಣೆಬೆನ್ನೂರಿನ ಮನೆಯಲ್ಲೇ ಉಳಿದುಬಿಡುತ್ತಿದ್ದಳು. ಗುರುವಾರ ಫೋನ್ ಮಾಡಿ ಕೇಳಿದರೆ ‘ನನಗ ಗೊತ್ತಿತ್ರಿ ಅತ್ತಿ’ ಎಂದು ಅತ್ತಳು. ನಿನ್ನ ಸುಳ್ಳಿನೊಳಗೆ ಅವಳನ್ನೂ ಕೂಡಿಸಿಕೊಂಡೆಯಲ್ಲ.

ನಿನಗೆ ಒಂಬತ್ತು ವರ್ಷವಿದ್ದಾಗ ತಾಯಿ ಬೇರೊಬ್ಬರ ಜೊತೆ ಮನೆ ಬಿಟ್ಟು ಹೋದಳೆಂದು ಬ್ರೆಜಿಲ್‌ನವಳು ಬರೆದಿದ್ದಾಳೆ. ಆ ಸಾಲನ್ನು ಕಾವ್ಯಾಳಿಂದ ಎರಡು ಸಲ ಓದಿಸಿ ಕೇಳಿದೆ. ಅವಳೊಡನೆ ಮಾತಾಡದಿದ್ದರೆ ಬಿಡು, ಮುಖ ನೋಡದಿದ್ದರೆ ಬಿಡು, ಅದು ನಿಮ್ಮಿಬ್ಬರ ಜಗಳ. ಆ ಜಗಳಕ್ಕೆ ನನ್ನ ಕೈ ಯಾಕೆ ಬಳಸಿಕೊಂಡೆ? ಆಶ್ರಮ ನೀನಿರುವ ಊರಿನಿಂದ ರೈಲಿನಲ್ಲಿ ಎರಡು ತಾಸಂತೆ. ನಾಲ್ಕು ತಿಂಗಳಲ್ಲಿ ಎರಡು ತಾಸು ಸಿಗಲಿಲ್ಲವೇ? ನಿನ್ನ ಅಪ್ಪನಿಗೆ ಹೇಳಿದರೆ ‘ತೊಡಿ ಮ್ಯಾಲ ಕುಂತವನ್ನ ಎಬ್ಬಸಾಕ ಬರ್ತೈತೇನು? ಬಿಡು’ ಎಂದು ಹೊಲದ ಕಡೆ ನಡೆದರು. ಬಿಡುವುದು ಅವರಿಗೆ ಸಲೀಸು, ಎಡೆ ಇಟ್ಟವಳು ನಾನು. ಮೋಸ ಹೋದೆ ಎಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ. ಬರುವ ಭಾನುವಾರವೇ ಅಮಾವಾಸ್ಯೆ, ಈ ವರ್ಷ ಅತ್ತೆ ಮಾವನಿಗೆ ಮಾತ್ರ ಎಡೆ.

ನಿರ್ಮಲಾಳಿಗೆ ನನ್ನ ಆಶೀರ್ವಾದ ಹೇಳು, ಅವಳ ಮೇಲಿನ ಸಿಟ್ಟು ಅರ್ಧ ಇಳಿದಿದೆ. ನಿನಗೆ ಆಶೀರ್ವಾದ ಕೊಡಬಾರದು ಎಂದುಕೊಂಡೆ, ಆಗಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡು ಚೆನ್ನಾಗಿರು.

ದೇವವ್ವ ಹಾಲೇಶಪ್ಪ

ತಾ.ಕ.: ಪೋಸ್ಟಿನ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ನಿನ್ನೆ ಕಾವ್ಯಾ ಆಶ್ರಮದ ನಂಬರ್ ತರಿಸಿಕೊಂಡು ವಿಡಿಯೊ ಕಾಲ್ ಹಚ್ಚಿದಳು. ನಿನ್ನ ತಾಯಿಯನ್ನು ನೋಡಿದೆ. ಎಂಬತ್ತೆರಡು ವರ್ಷ, ಮೂಗು ನಿನ್ನದೇ. ನಾನು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದಳು, ಕಾವ್ಯಾ ನಡುವೆ ಅರ್ಥ ಹೇಳಿದಳು. ನಿಮ್ಮ ಮಗ ನಮ್ಮಲ್ಲಿ ಬಾಡಿಗೆಗೆ ಇದ್ದ, ಅಡುಗೆ ಮಾಡಿ ಹಾಕುತ್ತಿದ್ದೆ ಎಂದೆ. ಅವನು ನಿಮ್ಮನ್ನು ಏನೆಂದು ಕರೆಯುತ್ತಾನೆ ಎಂದು ಕೇಳಿದಳು. ದೇವವ್ವ ಎಂದೇ ಕರೆಯುತ್ತಾನೆ ಎಂದೆ. ದೀಪಾವಳಿಯೊಳಗೆ ನೀನು ಅವಳನ್ನು ನೋಡಲು ಬರುತ್ತೀ ಎಂದು ಮಾತು ಕೊಟ್ಟಿದ್ದೇನೆ. ಹೋಗು. ಅವಳು ಮತ್ತೆ ಕೇಳಿದರೆ ನೀನೂ ಹಾಗೆಯೇ ಹೇಳು.